ಬರೀ ತಲೆನೋವು ತಾನೆ?

ನಮ್ಮ ಆಫೀಸುಗಳಲ್ಲಿ ಸಿಕ್ ಲೀವ್ ಕೇಳೋದಕ್ಕೆ ಯಾರೂ ಬರೆದಿಡದ ಒಂದು ದರಪಟ್ಟಿ ಇದೆ. ಜ್ವರ ಅಂದರೆ ಒಂದು ದಿನ ಸಿಗುತ್ತೆ, ಜೊತೆಗೊಂದು 'ಟೇಕ್ ಕೇರ್' ಕೂಡ. ಭೇದಿ ಅಂದರೆ ಮ್ಯಾನೇಜರ್ ಮುಂದಕ್ಕೆ ಒಂದು ಪ್ರಶ್ನೆಯನ್ನೂ ಕೇಳಲ್ಲ, ವಿವರ ಅವರಿಗೇ ಬೇಡ. ಡೆಂಗಿ ಅಂದರೆ ವಾರಗಟ್ಟಲೆ ರಜೆ, ಪ್ಲೇಟ್‌ಲೆಟ್ ಎಷ್ಟಾಯ್ತು ಅಂತ ದಿನಾ ವಿಚಾರಣೆ. ತಲೆನೋವು ಅಂತ ಹೇಳಿ ನೋಡಿ. "ಓಹ್! ಒಂದು ಮಾತ್ರೆ ತಗೊಂಡು 11 ಗಂಟೆ ಕಾಲ್‌ಗೆ ಬಂದ್ಬಿಡ್ತೀರಾ?"

ಹಾಗಾಗಿ ಅನುಭವಸ್ಥರು ತಲೆನೋವು ಅಂತ ಹೇಳೋದೇ ಇಲ್ಲ. ನಾನು ಹಿಂದೆ ಇದ್ದ ಟೀಮಿನಲ್ಲಿ ಒಬ್ಬರಿಗೆ ಒಂದೇ ವರ್ಷದಲ್ಲಿ ಐದು ಸಲ 'ಫುಡ್ ಪಾಯ್ಸನಿಂಗ್' ಆಗಿತ್ತು. ಹೋಟೆಲ್ ಊಟ ಕಂಡರೆ ಮಾರು ದೂರ ಓಡುವ ಹೆಣ್ಣುಮಗಳು, ಮನೆಯಿಂದ ಮೊಸರನ್ನದ ಡಬ್ಬಿ ತರುವವರು. ಐದೂ ಸಲ ಅವರು ಕರ್ಟನ್ ಎಳೆದುಕೊಂಡು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಮಂಚದ ಪಕ್ಕ ಬಕೆಟ್ ಇಟ್ಟುಕೊಂಡು ಮಲಗಿದ್ದರು. ಮೈಗ್ರೇನ್. ಸುಳ್ಳು ಹೇಳಿದರೆ ನಂಬುವ, ನಿಜ ಹೇಳಿದರೆ ಅನುಮಾನಿಸುವ ವ್ಯವಸ್ಥೆಯಲ್ಲಿ ಅವರು ಬುದ್ಧಿವಂತರಾಗಿದ್ದರು, ಅಷ್ಟೆ.

ನನ್ನ ಜಗಳ ಇರೋದು ಒಂದು ಪದದ ಜೊತೆ. 'ಬರೀ'. "ಏನಾಯ್ತು?" "ಏನಿಲ್ಲ, ಬರೀ ತಲೆನೋವು." ಬರೀ ಮಂಡಿನೋವು ಅಂತ ಯಾರಾದರೂ ಅಂತಾರಾ? ಬರೀ ಕಿಡ್ನಿ ಸ್ಟೋನ್? ನಮ್ಮ ಭಾಷೆಯೇ ಈ ನೋವಿನ ವಿರುದ್ಧ ಸಾಕ್ಷಿ ಹೇಳುತ್ತೆ. ಕಾಟ ಕೊಡುವ ಕ್ಲೈಂಟ್ ಒಂದು ತಲೆನೋವು, ಟ್ರಾಫಿಕ್ಕು ದೊಡ್ಡ ತಲೆನೋವು, ಸ್ಕೂಲಿಗೆ ಚಕ್ಕರ್ ಹೊಡೆಯುವ ಮಗುವಿಗೆ ಮೊದಲು ಸಿಗುವ ನೆಪವೂ ತಲೆನೋವು. ಥರ್ಮಾಮೀಟರ್ ಇದನ್ನು ತೋರಿಸಲ್ಲ, ರಕ್ತ ಪರೀಕ್ಷೆಯಲ್ಲಿ ಸಿಗಲ್ಲ, ಬ್ಯಾಂಡೇಜ್ ಹಾಕೋದಕ್ಕೆ ಜಾಗ ಇಲ್ಲ. ಆದ್ದರಿಂದ ಇದು ಕಾಯಿಲೆ ಅಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದೇವೆ. ಕಾಯಿಲೆ ಅಲ್ಲದ್ದಕ್ಕೆ ಡಾಕ್ಟರ್ ಯಾಕೆ? ಮೆಡಿಕಲ್ ಸ್ಟೋರ್ ಸಾಕು. ಅಲ್ಲಿಂದ ತಂದ ಮಾತ್ರೆ ಕೆಲವರಲ್ಲಿ ಸದ್ದಿಲ್ಲದೆ ಇನ್ನೊಂದು ತಲೆನೋವನ್ನು ತಯಾರು ಮಾಡುತ್ತೆ. ಅದರ ಕಥೆಗೆ ಬರ್ತೀನಿ, ಸ್ವಲ್ಪ ತಾಳಿ.

"ಇದೆಲ್ಲ ನಿಮ್ಮ ಐಟಿಯವರ ಕಾಯಿಲೆ ಕಣ್ರೀ, ದಿನವಿಡೀ ಸ್ಕ್ರೀನ್ ನೋಡ್ತೀರಲ್ಲ" ಅನ್ನೋರಿಗೆ ಮೊದಲು ಉತ್ತರ ಕೊಟ್ಟುಬಿಡಬೇಕು. ನಿಮ್ಹಾನ್ಸ್‌ನ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 2,329 ವಯಸ್ಕರನ್ನು ಮಾತಾಡಿಸಿದರು. ಆ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನರಿಗೆ ತಲೆನೋವು ಬಂದಿತ್ತು. ಸರಿಸುಮಾರು 25 ಜನರದ್ದು ಮೈಗ್ರೇನ್. ಅಂದರೆ ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಇನ್ನೊಂದು ವಿಷಯ, ಇದನ್ನು ಕೆಳಗೆ ಗೆರೆ ಎಳೆದು ಓದಿ: ಮೈಗ್ರೇನ್ ನಗರಕ್ಕಿಂತ ಹಳ್ಳಿಯಲ್ಲೇ ಜಾಸ್ತಿ ಇತ್ತು.

ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಮಾನಿಟರ್ ಇರಲಿಲ್ಲ, ಎಲ್‌ಇಡಿ ಬಲ್ಬ್ ಇರಲಿಲ್ಲ, ಡೆಡ್‌ಲೈನ್ ಅನ್ನೋ ಪದವೂ ಇರಲಿಲ್ಲ. ನಮ್ಮವ್ವ ಹಳೇ ಸೀರೆಯ ಅಂಚು ಹರಿದು ಹಣೆಗೆ ಬಿಗಿಯಾಗಿ ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ಹಸು ಹಾಲು ಕರೀತಿದ್ದರು. ಮುಗಿಸಿ ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬಂದು ಒಲೆ ಹಚ್ಚೋರು. ಅವರಿಗೆ ಯಾವ ಹೆಚ್‌ಆರ್ ಹತ್ತಿರ ರಜೆ ಕೇಳೋದಿತ್ತು? ಜಗತ್ತಿನ ರೋಗಭಾರದ ಲೆಕ್ಕ ಇಡುವವರ 2019ರ ಅಂಕಿಅಂಶದ ಪ್ರಕಾರ, ಜನರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾಯಿಲೆಗಳಲ್ಲಿ ಮೈಗ್ರೇನ್‌ಗೆ ಎರಡನೇ ಸ್ಥಾನ. 50 ದಾಟದ ಹೆಣ್ಣುಮಕ್ಕಳಲ್ಲಿ ಮೊದಲನೇ ಸ್ಥಾನ. ಸಾಯಿಸಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಇಷ್ಟಾದರೂ ಮೈಗ್ರೇನ್ ಅನ್ನೋ ಪದಕ್ಕೆ ನಮ್ಮಲ್ಲಿ ವಿಚಿತ್ರ ಗತಿ ಬಂದಿದೆ. ಅದು ಇಲ್ಲದವರು ಅದನ್ನು ಧಾರಾಳವಾಗಿ ಬಳಸುತ್ತಾರೆ, ಇರುವವರು 'ಪಿತ್ತ' ಅಂತಾರೆ. ಸ್ವಲ್ಪ ಬಿಡಿಸಿ ನೋಡೋಣ. ಸಂಜೆ ಆರರ ಹೊತ್ತಿಗೆ ಎರಡೂ ಕಡೆ ಒತ್ತಿದ ಹಾಗೆ, ಹೆಲ್ಮೆಟ್ ಒಂದು ಸೈಜ್ ಚಿಕ್ಕದಾದ ಹಾಗೆ, ಕುತ್ತಿಗೆಯಿಂದ ಮೇಲೆ ಹತ್ತುವ ಮಂದ ನೋವು ಇದೆಯಲ್ಲ, ಅದು ಟೆನ್ಷನ್ ಟೈಪ್ ತಲೆನೋವು. ಅತಿ ಸಾಮಾನ್ಯ. ಬೇಜಾರು ಮಾಡುತ್ತೆ, ಆದರೆ ಕಾಫಿಗೆ ಎದ್ದು ಹೋಗಬಹುದು, ಮೆಟ್ಟಿಲು ಹತ್ತಿದರೆ ಹೆಚ್ಚಾಗಲ್ಲ, ವಾಂತಿ ಬರಲ್ಲ. ಹೆಸರಿನಲ್ಲಿ ಟೆನ್ಷನ್ ಇದೆ ಅಂತ ಮನಸ್ಸಿನ ಚಿಂತೆಯೇ ಕಾರಣ ಅಂದುಕೊಳ್ಳಬೇಡಿ. ನಿದ್ದೆ ಕೆಟ್ಟಿದ್ದು, ಲ್ಯಾಪ್‌ಟಾಪ್ ಮೊಣಕಾಲ ಮೇಲಿಟ್ಟು ಕುತ್ತಿಗೆ ಬಗ್ಗಿಸಿ ಕೂತಿದ್ದು, ಊಟ ತಪ್ಪಿದ್ದು, ಎಲ್ಲಕ್ಕೂ ಪಾಲಿದೆ.

ಮೈಗ್ರೇನ್ ಬೇರೆಯೇ ಪ್ರಾಣಿ. ಔಷಧಿ ತಗೊಳ್ಳದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಕಾಡುತ್ತೆ. ಬಹಳ ಸಲ ಒಂದೇ ಕಡೆ, ನಾಡಿ ಹೊಡೆದ ಹಾಗೆ ಪಟಪಟ. ಬಗ್ಗಿದರೆ, ಮೆಟ್ಟಿಲು ಹತ್ತಿದರೆ ಜಾಸ್ತಿ. ಹೊಟ್ಟೆ ತೊಳೆಸುತ್ತೆ. ಬೆಳಕು ಆಗಲ್ಲ, ಮಿಕ್ಸಿ ಶಬ್ದ ಆಗಲ್ಲ, ಪಕ್ಕದ ಮನೆಯ ಒಗ್ಗರಣೆ ವಾಸನೆ ಆಗಲ್ಲ. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಗೆರೆಗಳು ಮಿಂಚುತ್ತವೆ, ನೋಡುತ್ತಿರುವ ಜಾಗದಲ್ಲೇ ಒಂದು ತೂತು ಬಿದ್ದ ಹಾಗಾಗುತ್ತೆ. ಅದಕ್ಕೆ ಆರಾ ಅಂತಾರೆ. ಅಮೆರಿಕದ ರಿಚರ್ಡ್ ಲಿಪ್ಟನ್ ಮತ್ತು ಸಂಗಡಿಗರು 2003ರಲ್ಲಿ ಮೂರೇ ಪ್ರಶ್ನೆಗಳ ಒಂದು ಪರೀಕ್ಷೆ ಮಾಡಿದರು. ತಲೆನೋವಿನ ಜೊತೆ ಹೊಟ್ಟೆ ತೊಳೆಸುತ್ತಾ? ಬೆಳಕು ಹಿಂಸೆ ಆಗುತ್ತಾ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ತಲೆನೋವಿನಿಂದ ಕೆಲಸಕ್ಕೆ ತೊಂದರೆ ಆಯ್ತಾ? ಮೂರರಲ್ಲಿ ಎರಡಕ್ಕೆ ಹೌದು ಅಂದರೆ ಮೈಗ್ರೇನ್ ಇರುವ ಸಾಧ್ಯತೆ ತುಂಬಾ ಹೆಚ್ಚು. ಇದನ್ನು ಓದುತ್ತಾ ಮನಸ್ಸಿನಲ್ಲೇ ಹೌದು, ಹೌದು ಅಂದವರು ಎಷ್ಟೋ ಜನ ಇದ್ದೀರಿ ಅಂತ ನನಗೆ ಗೊತ್ತು.

ಮೂರನೆಯದು ಕ್ಲಸ್ಟರ್ ತಲೆನೋವು. ಅಪರೂಪ, ಭಯಂಕರ. ಒಂದೇ ಕಣ್ಣಿನ ಸುತ್ತ ಚಾಕು ತಿರುವಿದ ಹಾಗೆ, ಕಾಲು ಗಂಟೆಯಿಂದ ಮೂರು ಗಂಟೆ, ದಿನಾ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಕೆಲವು ವಾರಗಳ ಕಾಲ. ಆ ಕಡೆಯ ಕಣ್ಣಲ್ಲಿ ನೀರು, ಮೂಗು ಕಟ್ಟುವುದು. ಮೈಗ್ರೇನ್‌ನವರು ಅಲ್ಲಾಡದೆ ಮಲಗಿದರೆ ಇವರು ಕೂರಲಾರದೆ ರೂಮಿನ ತುಂಬಾ ಓಡಾಡುತ್ತಾರೆ. ಹಲ್ಲಿನ ಸಮಸ್ಯೆ ಅಂತ ಚೆನ್ನಾಗಿದ್ದ ಹಲ್ಲು ಕೀಳಿಸಿಕೊಂಡವರು ಇದ್ದಾರೆ. ಇದಕ್ಕೆ ಅಂಗಡಿ ಮಾತ್ರೆ ತಾಗುವುದೇ ಇಲ್ಲ. ಮಾಸ್ಕ್ ಹಾಕಿ ಕಾಲು ಗಂಟೆ ಜೋರಾಗಿ ಆಕ್ಸಿಜನ್ ಕೊಟ್ಟರೆ ಬಹಳ ಜನರಿಗೆ ಇಳಿಯುತ್ತೆ. ನ್ಯೂರಾಲಜಿಸ್ಟ್ ನೋಡಲೇಬೇಕು.

ಈಗ ನಮ್ಮ ಜನ ಕೊಡುವ ಹೆಸರುಗಳ ಸಂಗತಿ. ವಾಂತಿಯಾದ ಮೇಲೆ ನೋವು ಇಳಿಯಿತು, ಆದ್ದರಿಂದ ಪಿತ್ತ ನೆತ್ತಿಗೇರಿತ್ತು ಅಂತ ತರ್ಕ. ಕೋರಿಲೇಷನ್ ಬೇರೆ, ಕಾಸೇಷನ್ ಬೇರೆ ಅಂತ ದಿನಾ ಡ್ಯಾಶ್‌ಬೋರ್ಡ್ ಮುಂದೆ ಭಾಷಣ ಬಿಗಿಯುವ ನಾವು, ಇಲ್ಲಿ ಮಾತ್ರ ಸುಲಭವಾಗಿ ಜಾರುತ್ತೇವೆ. ವಾಂತಿ ಮೈಗ್ರೇನ್‌ನ ಲಕ್ಷಣ. ದಾಳಿಯ ಹೊತ್ತಿನಲ್ಲಿ ಹೊಟ್ಟೆಯ ಚಲನೆಯೇ ನಿಧಾನ ಆಗುತ್ತೆ, ಹೊಟ್ಟೆ ಉಬ್ಬರಿಸುತ್ತೆ, ಅದಕ್ಕೆ 'ಗ್ಯಾಸ್' ಅಂತ ಹೆಸರಿಟ್ಟು ಆಂಟಾಸಿಡ್ ಕುಡಿಯುತ್ತೇವೆ. 'ಸೈನಸ್' ಇನ್ನೊಂದು. ಹಣೆ ಭಾರ, ಮೂಗು ಕಟ್ಟಿದೆ, ಸೈನಸ್ಸೇ ಅಂತ ಆವಿ ತಗೊಳ್ಳುವವರ ದಂಡೇ ಇದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಸೈನಸ್ ತಲೆನೋವು ಅಂತ ತಾವೇ ಹೇಳಿಕೊಂಡ ಅಥವಾ ಡಾಕ್ಟರಿಂದ ಹೇಳಿಸಿಕೊಂಡ 2,991 ಜನರನ್ನು ಸರಿಯಾಗಿ ಪರೀಕ್ಷಿಸಿ ನೋಡಿದರು. ಅವರಲ್ಲಿ 88 ಪ್ರತಿಶತ ಜನರದ್ದು ಮೈಗ್ರೇನ್ ಬಗೆಯ ತಲೆನೋವು! ಜ್ವರ, ಹಳದಿ ಸಿಂಬಳ, ವಾಸನೆ ತಿಳಿಯದಿರುವುದು ಇಲ್ಲದೆ ತಿಂಗಳಿಗೆ ನಾಲ್ಕು ಸಲ ಬಂದು ಹೋಗುವುದು ಸೈನಸ್ ಆಗಿರುವುದು ಕಡಿಮೆ. ಇನ್ನು ಕನ್ನಡಕದ ಪವರ್ ಬದಲಾದರೆ ಓದುವಾಗ ಕಣ್ಣು ನೋಯಬಹುದು, ಒಪ್ಪಿದೆ. ಪವರ್ ಜಾಸ್ತಿ ಆಯ್ತು ಅಂತ ಯಾರೂ ಬಕೆಟ್ ಪಕ್ಕ ಇಟ್ಟುಕೊಂಡು ಮಲಗಲ್ಲ.

ಹಾಗಂತ ಅಜ್ಜಿಯಂದಿರ ಮಾತೆಲ್ಲ ಮೂಢನಂಬಿಕೆ ಅಂತ ಗೇಲಿ ಮಾಡುವ ಗುಂಪಿಗೂ ನಾನು ಸೇರಿದವನಲ್ಲ. "ತಲೆಗೆ ನೀರು ಹಾಕ್ಕೊಂಡ್ರೆ ತಲೆನೋವು ಬರುತ್ತೆ" ಅಂತ ನಮ್ಮವ್ವ ಹೇಳಿದಾಗ ಪೇಟೆ ಡಾಕ್ಟರ್ ಒಬ್ಬರು ನಕ್ಕಿದ್ದರು. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ನಗಲಿಲ್ಲ, ಲೆಕ್ಕ ಹಾಕಿದರು. ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಅಂತರರಾಷ್ಟ್ರೀಯ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಶ್ಚಿಮದ ಪುಸ್ತಕಗಳ ಪಟ್ಟಿಯಲ್ಲಿ ಕೆಂಪು ವೈನ್, ಹಳೇ ಚೀಸ್ ಇರುತ್ತವೆ. ನಮ್ಮ ಪಟ್ಟಿಯಲ್ಲಿ ಶುಕ್ರವಾರದ ಎಣ್ಣೆಸ್ನಾನ, ಏಕಾದಶಿಯ ಉಪವಾಸ, ಜಾತ್ರೆಯ ಬಿಸಿಲು. ಹೆಸರಿನ ವಿಷಯದಲ್ಲೂ ಅಷ್ಟೆ. ಮೈಗ್ರೇನ್ ಪದದ ಮೂಲ ಗ್ರೀಕಿನ ಹೆಮಿಕ್ರೇನಿಯಾ, ಅಂದರೆ ಅರ್ಧ ತಲೆಬುರುಡೆ. ಕನ್ನಡದಲ್ಲಿ ಅರೆತಲೆನೋವು. ಅದೇ ಪದ! ಸುಶ್ರುತ ಸಂಹಿತೆ 11 ಬಗೆಯ ಶಿರೋರೋಗಗಳನ್ನು ಹೇಳಿ, ಅದರಲ್ಲಿ ಅರ್ಧಾವಭೇದಕ ಅಂತ ಇದನ್ನು ಬೇರೆಯಾಗಿಯೇ ಇಟ್ಟಿದೆ. ಹಳಬರಿಗೆ ಇದು ಪ್ರತ್ಯೇಕ ಕಾಯಿಲೆ ಅಂತ ಗೊತ್ತಿತ್ತು. 'ಬರೀ' ಸೇರಿಸಿದ್ದು ನಾವು.

ಮಾತ್ರೆಯ ಕಥೆಗೆ ಬರೋಣ. ನಮ್ಮೂರಿನ ಶೆಟ್ಟರ ಅಂಗಡಿಯಲ್ಲಿ ಬೆಲ್ಲದ ಡಬ್ಬದ ಪಕ್ಕ ಅನಾಸಿನ್ ಪಟ್ಟಿ ತೂಗಾಡುತ್ತಿತ್ತು. ಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ ಕೊಡೋರು, ಬೀಡಿ ಬಿಡಿಯಾಗಿ ಕೊಟ್ಟ ಹಾಗೆ. ಬೆಂಗಳೂರಿನ ಆಫೀಸಿನಲ್ಲಿ ಬದಲಾಗಿರೋದು ಡಬ್ಬ ಮಾತ್ರ. ರಿಸೆಪ್ಷನ್‌ನ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಮೊದಲು ಖಾಲಿಯಾಗುವುದು ತಲೆನೋವಿನ ಮಾತ್ರೆ. ಡ್ರಾಯರ್ ತೆಗೆದರೆ ಡೋಲೋ, ಬ್ಯಾಗಿನಲ್ಲಿ ಸಾರಿಡಾನ್, ಕಾರಿನಲ್ಲಿ ಇನ್ನೊಂದು ಪಟ್ಟಿ. ಒಬ್ಬರು ಇನ್ನೊಬ್ಬರಿಗೆ ಚೂಯಿಂಗ್ ಗಮ್ ಕೊಟ್ಟ ಹಾಗೆ ಕೊಡುತ್ತಾರೆ.

ಮಾತ್ರೆ ವಿಷ ಅಂತ ನಾನು ಹೇಳುತ್ತಿಲ್ಲ. ಅಪರೂಪಕ್ಕೆ ಬರುವ ತಲೆನೋವಿಗೆ ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ. ಸಮಸ್ಯೆ ಇರೋದು ಎಣಿಕೆಯಲ್ಲಿ. ಮೊದಲೇ ಮೈಗ್ರೇನ್ ಅಥವಾ ಟೆನ್ಷನ್ ಟೈಪ್ ತಲೆನೋವು ಇರುವವರು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ ಸಾದಾ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ತಗೊಂಡರೆ, ತಲೆನೋವು ಹೆಚ್ಚುಕಮ್ಮಿ ದಿನಾ ಬರೋದಕ್ಕೆ ಶುರುವಾಗಬಹುದು. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಿಗೆ ಈ ಮಿತಿ ಇನ್ನೂ ಕಡಿಮೆ, ತಿಂಗಳಿಗೆ 10 ದಿನ. ಇದಕ್ಕೆ ವೈದ್ಯಕೀಯದಲ್ಲಿ ಮೆಡಿಕೇಶನ್ ಓವರ್‌ಯೂಸ್ ತಲೆನೋವು ಅಂತ ಹೆಸರು. ತಲೆನೋವಿಗೆ ಮಾತ್ರೆ, ಮಾತ್ರೆ ಇಳಿದಾಗ ತಲೆನೋವು, ಅದಕ್ಕೆ ಇನ್ನೊಂದು ಮಾತ್ರೆ. ಎಕ್ಸಿಟ್ ಕಂಡೀಷನ್ ಇಲ್ಲದ ಲೂಪ್ ಅಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತೆ. ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರ, ಮಾತ್ರೆ ಮೊದಲಿನಷ್ಟು ಕೆಲಸ ಮಾಡ್ತಿಲ್ಲ, ಎರಡು ತಗೊಂಡರೂ ಅರ್ಧ ದಿನ ಅಷ್ಟೆ ಅನ್ನುವವರು ಕ್ಯಾಲೆಂಡರ್ ತೆಗೆದು ಎಣಿಸಿ ನೋಡಲಿ.

ನಮ್ಮ ಜನಪ್ರಿಯ ತಲೆನೋವಿನ ಮಾತ್ರೆಗಳಲ್ಲಿ ಬಹಳಷ್ಟು ಈ ಬೆರಕೆ ಜಾತಿಯವೇ. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಇವೆ. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 328 ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಅದೂ ಇತ್ತು. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು, 2019ರಲ್ಲಿ ಅದು ಪಟ್ಟಿಯಿಂದ ಹೊರಗೆ ಬಂತು. ಇವತ್ತು ಅದು ಕಾನೂನುಬದ್ಧ ಮಾತ್ರೆ, ಅದರಲ್ಲಿ ತಕರಾರಿಲ್ಲ. ಆದರೆ ತಿಂಗಳಿಗೆ 10 ದಿನ ಅನ್ನೋ ಮಿತಿಯನ್ನು ಜಾಹೀರಾತಿನಲ್ಲಿ ಯಾರಾದರೂ ದೊಡ್ಡ ಅಕ್ಷರದಲ್ಲಿ ಹೇಳಿದ್ದು ನಾನು ನೋಡಿಲ್ಲ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದ್ದು ಎರ್ಗೋಟಮಿನ್ ಬೆರೆಸಿದ 'ಮೈಗ್ರೇನ್ ಮಾತ್ರೆ'. ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧಿ ಅದು. ಹೃದಯದ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ಕೂಡದು. ಅದನ್ನೂ ಚೀಟಿ ಕೇಳದೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ.

ಕಾಫಿಯ ಬಗ್ಗೆ ಎರಡು ಮಾತು, ಹಾಸನದವನಾಗಿ ಸಂಕಟದಿಂದಲೇ. ದಿನಾ ಮೂರು ನಾಲ್ಕು ಸ್ಟ್ರಾಂಗ್ ಕುಡಿಯುವವರು ಒಂದು ದಿನ ತಪ್ಪಿಸಿದರೆ 24 ಗಂಟೆಯೊಳಗೆ ತಲೆ ಸಿಡಿಯಬಹುದು. ಶನಿವಾರ ಹತ್ತು ಗಂಟೆಗೆ ಏಳುವವರ ವೀಕೆಂಡ್ ತಲೆನೋವಿನಲ್ಲಿ ತಡವಾದ ನಿದ್ದೆ, ತಡವಾದ ತಿಂಡಿ, ತಡವಾದ ಕಾಫಿ ಮೂರೂ ಸೇರಿರುತ್ತವೆ. ಮೆದುಳಿಗೆ ಇದ್ದಕ್ಕಿದ್ದ ಹಾಗೆ ಆಗುವ ಬದಲಾವಣೆ ಇಷ್ಟ ಆಗಲ್ಲ, ಅದು ರಜೆಯಾದರೂ ಸರಿ.

ಮಾತ್ರೆಯ ಚಕ್ರದಿಂದ ಹೊರಗೆ ಬರುವ ದಾರಿ ಆ ಮಾತ್ರೆ ನಿಲ್ಲಿಸುವುದು. ನಿಲ್ಲಿಸಿದಾಗ ಮೊದಲ ಎರಡರಿಂದ ಹತ್ತು ದಿನ ನೋವು ಇನ್ನೂ ಜಾಸ್ತಿ ಆಗಬಹುದು. ಡಾಕ್ಟರ್ ಜೊತೆ ಮಾತಾಡಿ ಮಾಡಬೇಕಾದ ಕೆಲಸ ಇದು, ಆ ದಿನಗಳಿಗೆ ಬೇರೆ ಔಷಧಿಯ ಆಸರೆ ಕೊಡುತ್ತಾರೆ. ಆ ಒಂದು ವಾರಕ್ಕೆ ರಜೆ ಕೇಳಿದರೆ ನಮ್ಮ ಮ್ಯಾನೇಜರ್ ಮಹಾಶಯರು ಏನಂತಾರೆ, ಊಹಿಸಿಕೊಳ್ಳಿ.

ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ. ಚಿಕಿತ್ಸೆ ಇಲ್ಲದ ಕಾಯಿಲೆಗೆ ಜನ ಒದ್ದಾಡಿದರೆ ವಿಧಿ ಅನ್ನಬಹುದು. ಇದಕ್ಕೆ ಚಿಕಿತ್ಸೆ ಇದೆ, ಬಹಳಷ್ಟು ಹಳೆಯದು, ಅಗ್ಗದ್ದು. ದಾಳಿ ಬಂದಾಗ ಕೊಡುವ ಔಷಧಿ ಒಂದು ಬಗೆ. ಸರಿಯಾದ ಡೋಸ್, ನೋವು ಏರುವ ಮೊದಲೇ, ಬೇಕಾದರೆ ಜೊತೆಗೆ ವಾಂತಿ ನಿಲ್ಲಿಸುವ ಮಾತ್ರೆ. "ಇನ್ನೂ ಸ್ವಲ್ಪ ತಡಕೊಳ್ಳೋಣ" ಅಂತ ಮೂರು ಗಂಟೆ ಕಾದು ನುಂಗಿದ ಮಾತ್ರೆ, ನಿಧಾನವಾಗಿರುವ ಹೊಟ್ಟೆಯಲ್ಲಿ ಕೂತಿರುತ್ತೆ ಅಷ್ಟೆ. ಸಾದಾ ಮಾತ್ರೆ ಸಾಲದವರಿಗೆ ಸುಮಾಟ್ರಿಪ್ಟಾನ್ ಥರದ ಟ್ರಿಪ್ಟಾನ್‌ಗಳಿವೆ, 1990ರ ದಶಕದ ಶುರುವಿನಿಂದ ಬಳಕೆಯಲ್ಲಿವೆ. ಅವನ್ನು ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಬಿಪಿ ಇರುವವರಿಗೆ ಕೊಡಲ್ಲ, ಅವಕ್ಕೂ ತಿಂಗಳ ಮಿತಿ ಇದೆ. ಹಾಗಾಗಿ ಡಾಕ್ಟರ್ ಬರೆದು ಕೊಡಬೇಕು.

ಇನ್ನೊಂದು ಬಗೆ, ದಾಳಿಯೇ ಕಡಿಮೆಯಾಗಲಿ ಅಂತ ದಿನಾ ತಗೊಳ್ಳುವ ಔಷಧಿ. ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ದಿನ ಮೈಗ್ರೇನ್ ಕಾಡುವವರು ಇದರ ಬಗ್ಗೆ ಕೇಳಲೇಬೇಕು. ಪ್ರೊಪ್ರನಲಾಲ್ ಅನ್ನೋ ಹೃದಯದ ಮಾತ್ರೆ ಮೈಗ್ರೇನ್‌ಗೆ ಬಂದ ಕಥೆ ಚೆನ್ನಾಗಿದೆ: 1960ರ ದಶಕದಲ್ಲಿ ಎದೆನೋವಿಗೆ ಅದನ್ನು ಕೊಟ್ಟಾಗ ತಲೆನೋವೂ ಕಡಿಮೆ ಆಯ್ತು ಅಂತ ರೋಗಿಯಿಂದಲೇ ತಿಳಿಯಿತು. ಆಸ್ತಮಾ ಇದ್ದವರಿಗೆ ಅದು ಆಗಲ್ಲ. ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನಾರಿಜಿನ್ ಇವೆ, ಒಂದರಲ್ಲಿ ಬಾಯಿ ಒಣಗುತ್ತೆ, ಒಂದರಲ್ಲಿ ಬೆರಳು ಜುಮ್ಮೆನ್ನುತ್ತೆ, ಒಂದರಲ್ಲಿ ತೂಕ ಏರುತ್ತೆ. ಯಾರಿಗೆ ಯಾವುದು ಅಂತ ನೋಡಿಯೇ ಕೊಡಬೇಕು. ಕೆಲಸ ಮಾಡುತ್ತಾ ಇಲ್ವಾ ಅಂತ ಹೇಳೋದಕ್ಕೆ ಎರಡು ಮೂರು ತಿಂಗಳು ಬೇಕು. ನಮ್ಮವರಿಗೆ ಎರಡು ದಿನ ತಾಳ್ಮೆ ಇಲ್ಲ. ಅದಕ್ಕಿಂತ ಮುಂಚೆ ಗೂಗಲ್ ಮಾಡಿ, "ಅಯ್ಯೋ, ಇದು ಡಿಪ್ರೆಷನ್ ಮಾತ್ರೆ, ಡಾಕ್ಟರ್ ನನ್ನ ಹುಚ್ಚಿ ಅಂದ್ಕೊಂಡಿದಾರೆ" ಅಂತ ಕಸದ ಬುಟ್ಟಿಗೆ ಎಸೆದವರನ್ನು ನೋಡಿದ್ದೇನೆ. ಮೈಗ್ರೇನ್‌ಗೆ ಕೊಡುವ ಅಮಿಟ್ರಿಪ್ಟಿಲಿನ್ ಡೋಸ್ ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ. ಖಿನ್ನತೆಗೇ ಕೊಟ್ಟಿದ್ದರೂ ನಾಚಿಕೊಳ್ಳೋದಕ್ಕೆ ಏನಿತ್ತು, ಅದು ಬೇರೆ ಜಗಳ.

ಹೊಸ ಔಷಧಿಗಳೂ ಬಂದಿವೆ. ಸಿಜಿಆರ್‌ಪಿ ಅನ್ನೋ ಒಂದು ಪುಟ್ಟ ಪ್ರೋಟೀನ್ ಮೈಗ್ರೇನ್ ನೋವಿನ ಹಿಂದಿದೆ ಅಂತ ಕಂಡುಹಿಡಿದ ಕೆಲಸಕ್ಕೆ 2021ರಲ್ಲಿ ಎಡ್ವಿನ್ಸನ್, ಗೋಡ್ಸ್‌ಬಿ, ಮೋಸ್ಕೋವಿಟ್ಜ್, ಓಲೆಸೆನ್ ನಾಲ್ವರಿಗೆ ಬ್ರೈನ್ ಪ್ರೈಜ್ ಬಂತು. ಅದನ್ನು ತಡೆಯುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2018ರಲ್ಲೇ ಅನುಮತಿ ಸಿಕ್ಕಿದೆ. ನರಗಳ, ರಕ್ತನಾಳಗಳ ಮಟ್ಟದಲ್ಲಿ ಅಳೆಯಬಹುದಾದ ಕಾಯಿಲೆ ಇದು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಸ್ಕ್ಯಾನ್, ಅಂತಾರೆ ನಮ್ಮ ಜನ. ಕಂಪನಿ ಇನ್ಶೂರೆನ್ಸ್ ಇದೆ, ಎಂಆರ್‌ಐ ಮಾಡಿಸಿಬಿಡೋಣ. ಲಕ್ಷಣಗಳು ಮೈಗ್ರೇನ್‌ಗೆ ಹೊಂದಿ, ಡಾಕ್ಟರ್ ಪರೀಕ್ಷೆಯಲ್ಲಿ ಬೇರೇನೂ ಕಾಣದಿದ್ದರೆ ಸ್ಕ್ಯಾನ್‌ನ ಅಗತ್ಯವೇ ಇಲ್ಲ. ಮಾಡಿಸಿದರೆ ನಾರ್ಮಲ್ ಬರುತ್ತೆ. ನಾರ್ಮಲ್ ಬಂದ ಮೇಲೆ ಮನೆಯವರು ಹೇಳೋದು ಕೇಳಿ: "ಏನೂ ಇಲ್ವಂತೆ, ಸುಮ್ನೆ ಅಷ್ಟು ದುಡ್ಡು ಹೋಯ್ತು." ಸರ್ವರ್ ಹಾರ್ಡ್‌ವೇರ್ ಸರಿಯಾಗಿದೆ ಅಂದ ಮಾತ್ರಕ್ಕೆ ಅದರ ಮೇಲೆ ಓಡುವ ಪ್ರೋಗ್ರಾಂ ಸರಿಯಿದೆ ಅಂತ ಯಾವ ಇಂಜಿನಿಯರ್ ಹೇಳುತ್ತಾನೆ? ಸ್ಕ್ಯಾನಿಗಿಂತ ಉಪಯೋಗಕ್ಕೆ ಬರೋದು ಲಾಗ್. ಯಾವ ದಿನ, ಎಷ್ಟು ಹೊತ್ತು, ಏನು ತಿಂದಿದ್ದು, ಎಷ್ಟು ನಿದ್ದೆ, ಮುಟ್ಟಿನ ದಿನವಾ, ಯಾವ ಮಾತ್ರೆ ಎಷ್ಟು. ಮೂರು ತಿಂಗಳ ಇಂಥ ಒಂದು ಹಾಳೆ ಡಾಕ್ಟರ ಮುಂದಿಟ್ಟರೆ ಐದು ನಿಮಿಷದ ಭೇಟಿಯಲ್ಲೂ ಕೆಲಸ ಆಗುತ್ತೆ. ನಮ್ಮವ್ವನಿಗೆ ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿಸಿದೆ. ನೋವು ಬಂದ ದಿನಕ್ಕೆ ಗುಂಡು, ಮಾತ್ರೆ ನುಂಗಿದ ದಿನಕ್ಕೆ ಅಡ್ಡಗೆರೆ. ತಾಲ್ಲೂಕಿನ ಡಾಕ್ಟರ್ ಆ ಕ್ಯಾಲೆಂಡರ್ ನೋಡಿಯೇ ಪ್ರೊಪ್ರನಲಾಲ್ ಶುರು ಮಾಡಿದ್ದು. 58ನೇ ವಯಸ್ಸಿನಲ್ಲಿ. ಅವರಿಗೆ ನೋವು ಶುರುವಾಗಿದ್ದು ನಾನು ಹುಟ್ಟುವ ಮೊದಲು.

ಕಂಪನಿಗಳು ಏನು ಮಾಡ್ತಿವೆ? ವರ್ಷಕ್ಕೊಂದು ವೆಲ್‌ನೆಸ್ ವೀಕ್. ಯಾರೋ ಬಂದು ಮೈಕಿನಲ್ಲಿ ಉಸಿರು ಎಳೆಯಿರಿ ಬಿಡಿ ಅಂತಾರೆ, ಒಂದು ವಾಟರ್ ಬಾಟಲ್ ಕೊಡುತ್ತಾರೆ. ಯೋಗ, ನೀರು, ನಿದ್ದೆ ಎಲ್ಲ ಒಳ್ಳೆಯದೇ, ಹೊತ್ತು ಹೊತ್ತಿಗೆ ಊಟ ನಿದ್ದೆ ಸಿಕ್ಕಿದರೆ ಮೈಗ್ರೇನ್ ಎಷ್ಟೋ ಸುಮ್ಮನಿರುತ್ತೆ. ಆದರೆ ಊಟದ ಹೊತ್ತಿಗೆ ಮೀಟಿಂಗ್ ಇಡುವವರು, ರಾತ್ರಿ ಹನ್ನೊಂದಕ್ಕೆ ಕಾಲ್ ಇಡುವವರು ಯಾರು ಸ್ವಾಮಿ? ನನ್ನ ಬೇಡಿಕೆ ಬಹಳ ಅಗ್ಗದ್ದು. ತಲೆ ಮೇಲೆ ಉರಿಯುವ ಟ್ಯೂಬ್‌ಲೈಟ್ ಆರಿಸಿಕೊಳ್ಳುವ ಸ್ವಾತಂತ್ರ್ಯ. ಕತ್ತಲೆಯಲ್ಲಿ ಎರಡು ಗಂಟೆ ಮಲಗೋದಕ್ಕೆ ಒಂದು ಚಿಕ್ಕ ರೂಮು, ಪ್ರಿಂಟರ್‌ಗೆ ಕೂಡ ರೂಮಿದೆಯಲ್ಲ! ಫಸ್ಟ್ ಏಡ್ ಪೆಟ್ಟಿಗೆಯ ಮುಚ್ಚಳದ ಮೇಲೆ 'ಈ ತಿಂಗಳು ಇದು ಎಷ್ಟನೇ ದಿನ?' ಅಂತ ಒಂದು ಚೀಟಿ. ಸಿಕ್ ಲೀವ್ ಅರ್ಜಿಯಲ್ಲಿ ಮೈಗ್ರೇನ್ ಅಂತ ಬರೆದವರಿಗೆ 'ಮಾತ್ರೆ ತಗೊಂಡ್ರಾ' ಅನ್ನೋ ಪ್ರಶ್ನೆ ಬೇಡ.

ಕೊನೆಗೆ ಈ 'ಬರೀ'ಯ ಅತಿ ಕೆಟ್ಟ ಮುಖ. ಸಾಯಿಸಲ್ಲ ಅಂತ ಮೇಲೆ ಬರೆದೆ, ಅದು ಮೈಗ್ರೇನ್ ಬಗ್ಗೆ. ಇನ್ನೊಂದು ಜಾತಿ ಇದೆ, ಬೇರೆ ಕಾಯಿಲೆಯ ಸೂಚನೆಯಾಗಿ ಬರುವ ತಲೆನೋವು. ಸಿಡಿಲು ಹೊಡೆದ ಹಾಗೆ ಒಂದು ನಿಮಿಷದೊಳಗೆ ತುತ್ತತುದಿಗೇರುವ, ಜೀವಮಾನದಲ್ಲೇ ಕಾಣದಂಥ ನೋವು ಮೆದುಳಿನ ಸುತ್ತ ರಕ್ತಸ್ರಾವ ಇರಬಹುದು. ಜ್ವರ, ಜೊತೆಗೆ ಕುತ್ತಿಗೆ ಬಗ್ಗಿಸಲು ಆಗದಿರುವುದು. ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲೆ ಹೆಚ್ಚುತ್ತಾ ಹೋಗುವುದು. 50 ದಾಟಿದ ಮೇಲೆ ಮೊದಲ ಸಲ ಶುರುವಾಗುವುದು. ಕೆಮ್ಮಿದರೆ, ಮಲಗಿದರೆ ಜಾಸ್ತಿಯಾಗುವುದು. ಇವುಗಳಲ್ಲಿ ಒಂದಿದ್ದರೂ ಮಾತ್ರೆ ನುಂಗಿ ಕಾಯುವ ಹಾಗಿಲ್ಲ. ಆರಾ ಬರುವ ಹೆಣ್ಣುಮಕ್ಕಳು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳುವ ಮುಂಚೆ ಡಾಕ್ಟರಿಗೆ ಆರಾ ವಿಷಯ ಹೇಳಬೇಕು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ.

ಮತ್ತು ಬಾಣಂತಿಯರು. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತೆ. ಮೆದುಳಿನಿಂದ ರಕ್ತ ವಾಪಸ್ ತರುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದರೆ, ಮೊದಲ ಲಕ್ಷಣ ಬಹಳ ಸಲ ತಲೆನೋವೇ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅಪಾಯ ಇನ್ನೂ ಜಾಸ್ತಿ. ನಮ್ಮ ಎಷ್ಟೋ ಊರುಗಳಲ್ಲಿ, ಊರಿಂದ ಬಂದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ ಮನೆಗಳಲ್ಲೂ, ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿ ಈಗಲೂ ಇದೆ. ಅವಳು ತಲೆನೋವು ಅಂದರೆ "ನಿದ್ದೆಗೇಡು, ಬರೀ ತಲೆನೋವು" ಅಂತ ಸಾಂಬ್ರಾಣಿ ಹಾಕುತ್ತಾರೆ. ಫಿಟ್ಸ್ ಬಂದ ಮೇಲೆ ಆಂಬುಲೆನ್ಸ್. ಬೇಗ ಹೋದರೆ ಹೆಪ್ಪು ಕರಗುವ ಹಾಗೆ ಚಿಕಿತ್ಸೆ ಕೊಟ್ಟು ಬದುಕಿಸಿ ಮನೆಗೆ ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದು ಎರಡನೇ ಸಲ ತಲೆನೋವು ಅಂದರೆ ಮೊದಲು ಗಾಡಿ ತೆಗೀರಿ, ನೀರು ಕೊಡಬೇಡ ಅನ್ನುವ ಅತ್ತೆಯವರ ಜೊತೆ ಜಗಳ ದಾರಿಯಲ್ಲಿ ಆಡಬಹುದು.